‘ಪ್ಯಾಚಿ’ ಅಂದರೆ ‘ಸ್ವಲ್ಪ’ ಅಂತಲಾ? ಕನ್ನಡದಲ್ಲಿ ಏನನ್ನಬೇಕು?

ಕಣದ ಮನೆ:

ಎಲ್ಲರಿಗೂ ನಮಸ್ಕಾರ. ‘ಪ್ಯಾಚಿ’ ಅನ್ನುವ ಇಂಗ್ಲಿಷ್ ಪದದ ಸರಿಯಾದ ಅರ್ಥ ಏನು, ಕನ್ನಡದಲ್ಲಿ ಅದನ್ನು ಹೇಗೆ ಹೇಳುತ್ತೀರಿ ಅಂತ ಕೇಳಬೇಕಿತ್ತು. ಸುಮ್ನೆ ಕುತೂಹಲಕ್ಕಲ್ಲ. ಈ ಒಂದು ಪದವನ್ನು ನಾನು ತಪ್ಪಾಗಿ ಹೇಳಿದ್ದಕ್ಕೆ ಹೋದ ವಾರ ನಮ್ಮ ಕಣದಲ್ಲಿದ್ದ ಮೆಕ್ಕೆಜೋಳ ಪೂರ್ತಿ ನೆನೆಯಿತು.

ನಮ್ಮದು ದಾವಣಗೆರೆ ಕಡೆಯ ಹಳ್ಳಿ. ತೆನೆ ಮುರಿದು, ಮಿಷನ್‌ಗೆ ಹಾಕಿ, ಕಾಳನ್ನು ಕಣದಲ್ಲಿ ಹರವಿದ್ದೆವು. ಬೆಳಿಗ್ಗೆ ಫೋನಿನಲ್ಲಿ ಹವಾಮಾನ ನೋಡಿದೆ. ‘ಪ್ಯಾಚಿ ರೇನ್ ಪಾಸಿಬಲ್’ ಅಂತ ಇತ್ತು. ಅಪ್ಪ ‘ಏನಂತೆ?’ ಅಂದರು. ‘ಸ್ವಲ್ಪ ಮಳೆ ಬರಬಹುದಂತೆ, ತುಂತುರು ಅಷ್ಟೇ’ ಅಂದೆ. ‘ತುಂತುರಾದರೆ ಬಿಡು, ಬಿಸಿಲಿಗೆ ಆರುತ್ತೆ’ ಅಂತ ಅಪ್ಪ ತಾಡಪಾಲನ್ನು ಅಟ್ಟದಿಂದ ಇಳಿಸಲೇ ಇಲ್ಲ. ನಾಲ್ಕು ಗಂಟೆಗೆ ಗುಡುಗು ಶುರುವಾಯಿತು, ಐದು ನಿಮಿಷಕ್ಕೆಲ್ಲ ಮಳೆ ಸುರಿಯಿತು, ನಾವಿಬ್ಬರೂ ಹಲಗೆ ಹಿಡಿದು ಕಾಳು ಒಟ್ಟುಮಾಡುವಷ್ಟರಲ್ಲಿ ರಾಶಿಯ ಅಡಿಯಿಂದಲೇ ನೀರು ಹರಿಯುತ್ತಿತ್ತು. ಸಂಜೆ ಪಕ್ಕದ ಊರಿನಿಂದ ಮಾವ ಬೈಕಿನಲ್ಲಿ ಬಂದರು. ಎರಡೂವರೆ ಕಿಲೋಮೀಟರ್ ದೂರ. ಅವರ ಅಂಗಿ ಒಣಗಿತ್ತು, ಬೈಕಿನ ಚಕ್ರದ ಮೇಲೆ ಧೂಳು ಕೂತಿತ್ತು. ಅಲ್ಲಿ ಒಂದು ಹನಿಯೂ ಬಿದ್ದಿಲ್ಲವಂತೆ. ಮೂರನೇ ದಿನ ಕಾಳಿನ ಮೂತಿಯಲ್ಲಿ ಬೂಷ್ಟು ಕಾಣಿಸಿತು, ವ್ಯಾಪಾರಿ ಕೈಯಲ್ಲಿ ಒಂದು ಹಿಡಿ ತೆಗೆದು ಮೂಸಿ ನೋಡಿ ರೇಟು ಇಳಿಸಿದರು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸುತ್ತಿದೆ.

ನಿಘಂಟು ತೆಗೆದರೆ ‘ತೇಪೆಗಳುಳ್ಳ’, ‘ಅಸಮವಾದ’ ಅಂತಿದೆ. ತೇಪೆ ಮಳೆ ಅಂದರೆ ಯಾರಿಗೆ ಅರ್ಥವಾಗುತ್ತೆ? ನಮ್ಮ ಹೋಬಳಿಯ ಅರವತ್ತು ರೈತರ ವಾಟ್ಸಾಪ್ ಗುಂಪಿಗೆ ದಿನಾ ಹವಾಮಾನ ಬರೆದು ಹಾಕುವವನು ನಾನೇ. ಅದಕ್ಕೇ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇನ್ನೊಂದು ವಿಷಯ. ತಂಗಿಯ ಕಾಲೇಜಿನಿಂದ ‘ಪ್ಯಾಚಿ ಅಟೆಂಡೆನ್ಸ್’ ಅಂತ ಕಾಗದ ಬಂದಿದೆ, ತಮ್ಮ ‘ಪ್ಯಾಚಿ ನೆಟ್‌ವರ್ಕ್’ ಅನ್ನುತ್ತಾನೆ. ಎಲ್ಲದಕ್ಕೂ ಒಂದೇ ಅರ್ಥವಾ?

*

ನಿವೃತ್ತ ಮೇಷ್ಟ್ರು:

ತಮ್ಮಾ, ಬೆಳೆ ಹಾಳಾಗಿದ್ದು ಓದಿ ಬೇಜಾರಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಮಕ್ಕಳು ಈ ಪದದಲ್ಲಿ ಇದೇ ಜಾಗದಲ್ಲೇ ಎಡವುತ್ತಿದ್ದರು.

ಪ್ಯಾಚ್ ಅಂದರೆ ಬಟ್ಟೆಯ ತೇಪೆ. ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಒಂದು ತುಂಡು ಜಾಗಕ್ಕೂ ಪ್ಯಾಚ್ ಅನ್ನುತ್ತಾರೆ. ಅದಕ್ಕೆ ಕೊನೆಯಲ್ಲಿ ‘ಇ’ ಸೇರಿಸಿದರೆ ಪ್ಯಾಚಿ, ಅಂದರೆ ಅಂಥ ತುಂಡುಗಳಿಂದ ಕೂಡಿದ್ದು. ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದೇ. ಈ ಪದ ಎಷ್ಟು ಅನ್ನುವುದನ್ನು ಹೇಳುವುದಿಲ್ಲ. ಎಲ್ಲೆಲ್ಲಿ ಅನ್ನುವುದನ್ನು ಹೇಳುತ್ತದೆ. ಒಂದು ಕಡೆ ಇದೆ, ಪಕ್ಕದಲ್ಲೇ ಇಲ್ಲ, ಮತ್ತೆ ಆಚೆ ಇದೆ. ನಿಮ್ಮ ಕಣದಲ್ಲಿ ಹೊಳೆ, ಮಾವನ ಊರಿನಲ್ಲಿ ಧೂಳು, ಅದೇ ಪ್ಯಾಚಿ. ಫೋನು ಹೇಳಿದ್ದು ಸರಿಯೇ ಇತ್ತು. ಇಂಗ್ಲಿಷಿನ ಅಳತೆಯಿಲ್ಲದ ಪದಕ್ಕೆ ಕನ್ನಡದಲ್ಲಿ ‘ಸ್ವಲ್ಪ’ ಅನ್ನುವ ಅಳತೆ ಸೇರಿಕೊಂಡಿತು.

ಕನ್ನಡದಲ್ಲಿ ಇದಕ್ಕೆ ಗುಣವಾಚಕ ಹುಡುಕಲು ಹೋಗಬೇಡಿ. ನಮ್ಮ ಭಾಷೆ ಈ ಕೆಲಸವನ್ನು ಬೇರೆ ರೀತಿ ಮಾಡುತ್ತದೆ, ಪದವನ್ನು ಎರಡು ಸಲ ಹೇಳಿ ಮಾಡುತ್ತದೆ. ಅಲ್ಲಲ್ಲಿ, ಅಲ್ಲೊಂದು ಇಲ್ಲೊಂದು, ಮಚ್ಚೆ ಮಚ್ಚೆ, ಬಿಟ್ಟು ಬಿಟ್ಟು. ಹೊಸದಾಗಿ ಸುಣ್ಣ ಹೊಡೆದ ಗೋಡೆ ಆರಿದ ಮೇಲೆ ಅಲ್ಲಲ್ಲಿ ಹಳೇ ಬಣ್ಣ ಇಣುಕುತ್ತದಲ್ಲ, ಅದನ್ನು ಇಂಗ್ಲಿಷಿನವರು ಪ್ಯಾಚಿ ಅಂದರೆ ನಮ್ಮವರು ‘ಮಚ್ಚೆ ಮಚ್ಚೆಯಾಗಿದೆ’ ಅನ್ನುತ್ತಾರೆ. ರಾಗಿ ಮೊಳಕೆ ಒಂದು ಕಡೆ ಒತ್ತಾಗಿ ಬಂದು ಇನ್ನೊಂದು ಕಡೆ ನೆಲ ಕಂಡರೆ ‘ಅಲ್ಲಲ್ಲಿ ಹುಟ್ಟಿದೆ’ ಅನ್ನುತ್ತಾರೆ. ನೋಡಿ, ‘ಅಲ್ಲಲ್ಲಿ’ ಅನ್ನುವುದು ಹೆಸರಿನ ಮುಂದೆ ಕೂತು ಗುಣ ಹೇಳುತ್ತಿಲ್ಲ, ಕ್ರಿಯಾಪದದ ಜೊತೆ ಹೋಗುತ್ತಿದೆ. ‘ಪ್ಯಾಚಿ ರೇನ್’ ಅಂದರೆ ಎಂಥದ್ದೋ ಒಂದು ಮಳೆ ಅಲ್ಲ, ಮಳೆ ಅಲ್ಲಲ್ಲಿ ಬೀಳುತ್ತದೆ ಅಂತ. ನಿಘಂಟು ಒಂದು ಗುಣವಾಚಕಕ್ಕೆ ಇನ್ನೊಂದು ಗುಣವಾಚಕವನ್ನೇ ಕೊಡಲು ಹೊರಟಿದ್ದರಿಂದ ‘ಅಸಮ’ ಬಂತು.

‘ಬಿಟ್ಟು ಬಿಟ್ಟು’ ಮತ್ತು ‘ಅಲ್ಲಲ್ಲಿ’ ಎರಡನ್ನೂ ಬೆರೆಸಬೇಡಿ. ಬಿಟ್ಟು ಬಿಟ್ಟು ಅನ್ನುವುದು ಹೆಚ್ಚಾಗಿ ಹೊತ್ತಿಗೆ ಸಂಬಂಧಿಸಿದ್ದು. ಒಂದೇ ಜಾಗದಲ್ಲಿ ಮಳೆ ಬಂದು, ನಿಂತು, ಮತ್ತೆ ಬಂದರೆ ಬಿಟ್ಟು ಬಿಟ್ಟು ಬಂತು. ಅದಕ್ಕೆ ಇಂಗ್ಲಿಷಿನಲ್ಲಿ ಇಂಟರ್‌ಮಿಟೆಂಟ್ ಅನ್ನುವ ಬೇರೆ ಪದವೇ ಇದೆ. ಅಲ್ಲಲ್ಲಿ ಅನ್ನುವುದು ಜಾಗಕ್ಕೆ.

ಇನ್ನು ತಂಗಿಯ ಹಾಜರಿ. ಅಲ್ಲಿ ಜಾಗದ ಬದಲು ದಿನಗಳ ಸಾಲು ಇದೆ ಅಂತ ಅಂದುಕೊಳ್ಳಿ. ಈ ವಾರ ಪೂರ್ತಿ ಬಂದಿದ್ದಾಳೆ, ಮುಂದಿನ ವಾರ ಎರಡು ದಿನ, ಆಮೇಲೆ ಮತ್ತೆ ಪೂರ್ತಿ. ಹಾಜರಿ ಪುಸ್ತಕದಲ್ಲಿ ಒಂದು ಸಾಲಿನುದ್ದಕ್ಕೂ ಬೆರಳಿಟ್ಟು ನೋಡಿದರೆ ತೂತು ತೂತು ಕಾಣುತ್ತದೆ. ‘ಹಾಜರಿ ಸರಿಯಾಗಿಲ್ಲ, ನಡುನಡುವೆ ತಪ್ಪಿಸಿದ್ದಾಳೆ’ ಅಂತ ಅರ್ಥ. ತಿಳಿವಳಿಕೆಗೂ ಇದನ್ನೇ ಬಳಸುತ್ತಾರೆ. ಒಬ್ಬ ಹುಡುಗನಿಗೆ ಲೆಕ್ಕದಲ್ಲಿ ಬೀಜಗಣಿತ ಚೆನ್ನಾಗಿ ಬರುತ್ತೆ, ರೇಖಾಗಣಿತ ಬರೋದೇ ಇಲ್ಲ ಅಂದರೆ ಅವನ ತಿಳಿವಳಿಕೆ ಪ್ಯಾಚಿ. ಅವನು ದಡ್ಡ ಅಂತ ಅಲ್ಲ! ಈ ವ್ಯತ್ಯಾಸ ಗೊತ್ತಿದ್ದ ಮೇಷ್ಟ್ರು ಹುಡುಗನಿಗೆ ರೇಖಾಗಣಿತ ಹೇಳಿಕೊಡುತ್ತಾರೆ, ಗೊತ್ತಿಲ್ಲದವರು ಪೂರ್ತಿ ಲೆಕ್ಕವನ್ನೇ ಮತ್ತೆ ಹೇಳುತ್ತಾರೆ.

ಇದರ ಅಕ್ಕಪಕ್ಕದ ಪದಗಳನ್ನೂ ಹೇಳಿಬಿಡುತ್ತೇನೆ. ಅನ್‌ಈವನ್ ಅಂದರೆ ಮಟ್ಟವಾಗಿಲ್ಲದ್ದು, ತಗ್ಗುದಿಣ್ಣೆ. ಬಂಪಿ ಅಂದರೆ ಸೊಂಟಕ್ಕೆ ಗೊತ್ತಾಗುವ ತಗ್ಗುದಿಣ್ಣೆ, ಗಾಡಿಯಲ್ಲಿ ಎತ್ತಿ ಹಾಕುತ್ತದಲ್ಲ ಅದು. ಲಂಪಿ ಅಂದರೆ ಗಂಟು ಗಂಟು. ಸರಿಯಾಗಿ ತೊಳಸದ ಮುದ್ದೆ ಲಂಪಿ. ದನಗಳಿಗೆ ಬರುವ ಲಂಪಿ ಸ್ಕಿನ್ ಕಾಯಿಲೆಗೆ ಕನ್ನಡದಲ್ಲಿ ಚರ್ಮಗಂಟು ರೋಗ ಅಂತ ಎಷ್ಟು ಚೆನ್ನಾಗಿ ಹೆಸರಿಟ್ಟಿದ್ದಾರೆ ನೋಡಿ, ‘ಅಸಮ ಚರ್ಮ ರೋಗ’ ಅಂತ ಇಟ್ಟಿದ್ದರೆ ಯಾವ ರೈತನಿಗೂ ತಿಳಿಯುತ್ತಿರಲಿಲ್ಲ. ಇವೆಲ್ಲ ಮೈಯ ಆಕಾರ ಹೇಳುವ ಪದಗಳು. ಪ್ಯಾಚಿ ಮಾತ್ರ ಇದೆಯೋ ಇಲ್ಲವೋ ಅನ್ನುವುದನ್ನು ಹೇಳುತ್ತದೆ.

ಒಂದು ಎಚ್ಚರಿಕೆ. ಪ್ಯಾಚ್ ಅಪ್ ಅನ್ನುವುದು ಬೇರೆ, ಜಗಳ ಸರಿಮಾಡಿಕೊಳ್ಳುವುದು ಅಥವಾ ಹರಿದದ್ದನ್ನು ಸರಿಮಾಡುವುದು. ಅದಕ್ಕೂ ಇದಕ್ಕೂ ಈಗ ಸಂಬಂಧವಿಲ್ಲ.

*

ಮಳೆಮಾಪಕ:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಹವಾಮಾನ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ದಿನದ ಕೆಲಸ, ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಭಾರತ ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯಲ್ಲಿ ಎಷ್ಟು ಕಡೆ ಅನ್ನುವುದಕ್ಕೆ ಒಂದು ಅಳತೆ, ಎಷ್ಟು ಜೋರು ಅನ್ನುವುದಕ್ಕೆ ಇನ್ನೊಂದು ಅಳತೆ. ಒಂದು ಪ್ರದೇಶದ ಮಳೆ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಬಿದ್ದರೆ ‘ಐಸೊಲೇಟೆಡ್’, ಶೇ 26ರಿಂದ 50 ಆದರೆ ‘ಸ್ಕ್ಯಾಟರ್ಡ್’, 51ರಿಂದ 75 ಆದರೆ ‘ಫೇರ್ಲಿ ವೈಡ್‌ಸ್ಪ್ರೆಡ್’, ಅದಕ್ಕಿಂತ ಜಾಸ್ತಿ ಆದರೆ ‘ವೈಡ್‌ಸ್ಪ್ರೆಡ್’. ಕನ್ನಡದಲ್ಲಿ ನಾವು ಇವನ್ನು ಒಂದೆರಡು ಕಡೆ, ಕೆಲವು ಕಡೆ, ಹಲವು ಕಡೆ, ಬಹುತೇಕ ಎಲ್ಲ ಕಡೆ ಅಂತ ಬರೆಯುತ್ತೇವೆ. ಜೋರಿಗೆ ಬೇರೆ ಲೆಕ್ಕ. 24 ಗಂಟೆಯಲ್ಲಿ 15.5 ಮಿಲಿಮೀಟರ್‌ವರೆಗೆ ಹಗುರ ಮಳೆ, 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ‘ಒಂದೆರಡು ಕಡೆ ಭಾರಿ ಮಳೆ’ ಅಂತ ಸುದ್ದಿಯಲ್ಲಿ ಓದಿರುತ್ತೀರಲ್ಲ, ಎರಡೂ ಅಳತೆ ಒಂದೇ ವಾಕ್ಯದಲ್ಲಿ ಇವೆ. ತುಂಬ ಜನ ಮೊದಲ ಎರಡು ಪದ ಓದಿ ‘ಓ, ಕಮ್ಮಿ ಮಳೆ’ ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಒಂದೆರಡು ಕಡೆ ಯಾರದ್ದಾದರೂ ಹೊಲ ಇರುತ್ತೆ ಅಲ್ವಾ?

‘ಪ್ಯಾಚಿ’ ಅನ್ನುವುದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ಫೋನಿನ ಆ್ಯಪ್‌ಗಳ ಭಾಷೆ. ಅಲ್ಲಿ ಅದಕ್ಕೆ ಶೇಕಡಾ ಲೆಕ್ಕ ಇರುವುದಿಲ್ಲ.

ಅಕ್ಟೋಬರ್‌ನಲ್ಲಿ ನಿಮ್ಮ ಕಡೆ ಮಳೆ ಹೀಗೆ ಬೀಳುವುದಕ್ಕೂ ಕಾರಣ ಇದೆ. ಜುಲೈನಲ್ಲಿ ಮಲೆನಾಡಿಗೆ, ಕರಾವಳಿಗೆ ಬರುವ ಮಳೆ ಸಮುದ್ರದ ಗಾಳಿ ತರುವ ಮೋಡದ್ದು, ದೊಡ್ಡ ಹಾಸಿನ ಹಾಗೆ ಜಿಲ್ಲೆ ಪೂರ್ತಿ ಹರಡಿರುತ್ತದೆ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಬಯಲುಸೀಮೆಯಲ್ಲಿ ಮಧ್ಯಾಹ್ನದವರೆಗೆ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಅಲ್ಲೊಂದು ಇಲ್ಲೊಂದು ಗುಡುಗಿನ ಮೋಡ ಕಟ್ಟುತ್ತದೆ. ಒಂದೊಂದು ಮೋಡ ಕೆಲವೇ ಕಿಲೋಮೀಟರ್ ಅಗಲ. ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಇದ್ದದ್ದನ್ನೆಲ್ಲ ಸುರಿದು ಮುಗಿಸುತ್ತದೆ. ಅದರ ಅಡಿಯಲ್ಲಿ ನಿಮ್ಮ ಕಣ ಇತ್ತು, ಮಾವನ ಊರು ಇರಲಿಲ್ಲ.

ಬೆಳಿಗ್ಗೆ ಒಂದು ಸಲ ನೋಡಿ ಗುಂಪಿಗೆ ಹಾಕಿದರೆ ಸಾಲದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 6,000ಕ್ಕೂ ಹೆಚ್ಚು ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ, ‘ವರುಣ ಮಿತ್ರ’ ಸಹಾಯವಾಣಿಯೂ ಅವರದ್ದೇ. ಕಾಳು ಹರವುವ ದಿನ ಮಧ್ಯಾಹ್ನ ಒಮ್ಮೆ ಫೋನ್ ಮಾಡಿ ಕೇಳಿ.

*

ಲೀಡ್ಸ್ ಕನ್ನಡಿಗ:

ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಈ ಪದ ದಿನಾ ಕಿವಿಗೆ ಬೀಳುತ್ತದೆ. ಟಿವಿಯಲ್ಲಿ ಹವಾಮಾನ ಹೇಳುವವರು ಪ್ಯಾಚಿ ಕ್ಲೌಡ್, ಪ್ಯಾಚಿ ರೇನ್, ಪ್ಯಾಚಿ ಫ್ರಾಸ್ಟ್, ಪ್ಯಾಚಿ ಫಾಗ್ ಅನ್ನುತ್ತಲೇ ಇರುತ್ತಾರೆ.

ಒಂದು ವಿಷಯ ಗಮನಿಸಿ. ಇಲ್ಲಿ ಪ್ಯಾಚಿ ರೇನ್ ಅಂದರೆ ಬಹಳ ಸಲ ಬರುವುದು ಸೋನೆ ಮಳೆಯೇ, ಯಾಕೆಂದರೆ ಇಲ್ಲಿನ ಮಳೆಯೇ ಹೆಚ್ಚಾಗಿ ಅಂಥದ್ದು. ಹಾಗಾಗಿ ಇಲ್ಲಿಯವರ ಕಿವಿಗೆ ಆ ಪದದ ಜೊತೆ ‘ಹಗುರ’ ಅನ್ನುವ ಭಾವನೆಯೂ ಅಂಟಿಕೊಂಡಿದೆ. ಅದೇ ಪದ ಅಕ್ಟೋಬರ್‌ನ ದಾವಣಗೆರೆಗೆ ಬಂದರೆ ಅಡಿಯಲ್ಲಿ ಗುಡುಗಿನ ಮೋಡ ಇರುತ್ತದೆ. ನೀವು ‘ತುಂತುರು’ ಅಂದುಕೊಂಡಿದ್ದರಲ್ಲಿ ನಿಮ್ಮ ತಪ್ಪು ಜಾಸ್ತಿ ಏನಿಲ್ಲ.

ಆದರೆ ಮಂಜಿನ ವಿಷಯಕ್ಕೆ ಬಂದರೆ ಈ ಪದ ಇಲ್ಲೂ ಹಗುರ ಅಲ್ಲ. ಬ್ರಿಟನ್ನಿನ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್‌ನಲ್ಲಿ, ಮಂಜು ಬೇಗ ಸರಿದಾಡುತ್ತದೆ, ಹೆಚ್ಚಾಗಿ ಪ್ಯಾಚಿ ಆಗಿರುತ್ತದೆ, ಕರಗಿತು ಅಂದುಕೊಂಡಾಗಲೇ ಮತ್ತೆ ದಟ್ಟ ಮಂಜಿನೊಳಗೆ ಸಿಕ್ಕಿಕೊಳ್ಳಬಹುದು ಅಂತ ಎಚ್ಚರಿಕೆ ಇದೆ. ಲೀಡ್ಸ್‌ನಿಂದ ಮ್ಯಾಂಚೆಸ್ಟರ್‌ಗೆ ಹೋಗುವ ಎಂ62 ರಸ್ತೆ ಪೆನೈನ್ ಬೆಟ್ಟಗಳನ್ನು ದಾಟುತ್ತದೆ, ಇಂಗ್ಲೆಂಡಿನ ಮೋಟರ್‌ವೇಗಳಲ್ಲೇ ಅತಿ ಎತ್ತರದ ಜಾಗ ಅಲ್ಲಿದೆ, ಸುಮಾರು 372 ಮೀಟರ್. ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅಲ್ಲಿ ಹೋಗುತ್ತಿದ್ದೆ. ಮುಂದಿನ ಲಾರಿಯ ಕೆಂಪು ದೀಪ ಚೆನ್ನಾಗಿ ಕಾಣುತ್ತಿತ್ತು, ಆಚೆ ಕುರಿಗಳೂ ಕಾಣುತ್ತಿದ್ದವು, ಮುಂದಿನ ಗಳಿಗೆಗೆ ಲಾರಿಯೇ ಇಲ್ಲ, ಗಾಜಿನ ಮುಂದೆ ಬರೀ ಬಿಳಿ. ನಾಲ್ಕು ಸೆಕೆಂಡಿಗೆ ಮತ್ತೆ ಬಿಸಿಲು. ಒಂದೇ ಸಮ ಮಂಜಿದ್ದರೆ ಎಲ್ಲರೂ ಮೊದಲಿಂದಲೂ ನಿಧಾನ ಹೋಗುತ್ತಾರೆ. ಅಲ್ಲಲ್ಲಿ ಇದ್ದಾಗಲೇ ಅಪಾಯ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಓದುವಾಗ ನನ್ನ ಪ್ರಬಂಧದ ಅಂಚಿನಲ್ಲಿ ಗೈಡ್ ‘ಪ್ಯಾಚಿ’ ಅಂತ ಬರೆದಿದ್ದರು. ಎರಡು ರಾತ್ರಿ ನಿದ್ದೆ ಬರಲಿಲ್ಲ, ಕೆಟ್ಟದಾಗಿದೆ ಅಂದರು ಅಂತಲೇ ಅಂದುಕೊಂಡಿದ್ದೆ. ಹೋಗಿ ಕೇಳಿದರೆ, ಎರಡನೇ ಮತ್ತು ನಾಲ್ಕನೇ ಅಧ್ಯಾಯ ತುಂಬ ಚೆನ್ನಾಗಿವೆ, ಮೂರನೆಯದು ಇನ್ನೂ ಆಗಿಲ್ಲ ಅಂದರು. ಮೂರನೆಯದನ್ನು ಮಾತ್ರ ತಿದ್ದಿದೆ.

ಅಮೆರಿಕದಲ್ಲಿ ಇದೇ ಅರ್ಥಕ್ಕೆ ‘ಸ್ಪಾಟಿ’ ಅಂತಲೂ ಹೇಳುತ್ತಾರೆ, ಸ್ಪಾಟಿ ನೆಟ್‌ವರ್ಕ್ ಅಂತ. ಇಲ್ಲಿ ಯಾರನ್ನಾದರೂ ಸ್ಪಾಟಿ ಅಂದರೆ ಮುಖದ ಮೇಲೆ ಮೊಡವೆ ಇದೆ ಅಂತ. ಎಲ್ಲಿ ಬಳಸುತ್ತೀರಿ ನೋಡಿಕೊಳ್ಳಿ.

*

ಸ್ಕ್ಯಾನ್ ರೂಮ್:

ನನ್ನ ಕೆಲಸದಲ್ಲೂ ಈ ಪದ ಇದೆ, ಅದನ್ನು ಹೇಳದಿದ್ದರೆ ಸಮಾಧಾನ ಇಲ್ಲ. 2021ರಲ್ಲಿ, ಕೊರೊನಾ ಹೊತ್ತಿಗೆ, ಎದೆಯ ಸಿಟಿ ಸ್ಕ್ಯಾನ್ ರಿಪೋರ್ಟುಗಳಲ್ಲಿ ‘ಪ್ಯಾಚಿ ಗ್ರೌಂಡ್ ಗ್ಲಾಸ್ ಒಪ್ಯಾಸಿಟೀಸ್’ ಅಂತ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ರಿಪೋರ್ಟು ಹಿಡಿದು ಬಾಗಿಲಲ್ಲೇ ನಿಂತು ಮನೆಯವರು ಕೇಳುತ್ತಿದ್ದರು, ‘ಪ್ಯಾಚಿ ಅಂದರೆ ಸಣ್ಣದಾಗಿ ಅಂತ ಅಲ್ವಾ ಮೇಡಂ?’ ಅಂತ.

ಶ್ವಾಸಕೋಶದಲ್ಲಿ ಗಾಳಿ ತುಂಬಿರುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಸೋಂಕಿನಿಂದ ಗಾಳಿಯ ಜಾಗದಲ್ಲಿ ನೀರಿನಂಥದ್ದು ಸೇರಿದರೆ ಅಷ್ಟು ಭಾಗ ಮಬ್ಬು ಗಾಜಿನ ಹಾಗೆ ಬೆಳ್ಳಗಾಗುತ್ತದೆ. ಆ ಬಿಳುಪು ಒಂದೇ ಕಡೆ ಇಲ್ಲ, ಅಲ್ಲಲ್ಲಿ ಇದೆ ಅನ್ನುವುದೇ ಪ್ಯಾಚಿ. ಕಾಯಿಲೆ ಕಮ್ಮಿ ಅಂತಲೂ ಅಲ್ಲ, ಜಾಸ್ತಿ ಅಂತಲೂ ಅಲ್ಲ. ಎಷ್ಟು ಅನ್ನುವುದಕ್ಕೆ ಆಗ ಬೇರೆ ಅಂಕ ಕೊಡುತ್ತಿದ್ದರು, ಶ್ವಾಸಕೋಶದ ಐದು ಭಾಗಕ್ಕೆ ಐದೈದರಂತೆ 25ಕ್ಕೆ ಇಷ್ಟು ಅಂತ. ಮೇಲೆ ಮಳೆಗೆ ಎರಡು ಅಳತೆ ಅಂದರಲ್ಲ, ಹಾಗೇ ಇಲ್ಲೂ ಎರಡು. ನಾನು ಮನೆಯವರಿಗೆ ‘ಅಲ್ಲಲ್ಲಿ ಮಬ್ಬಾಗಿದೆ ಅಂತ ಬರೆದಿದ್ದಾರೆ, ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ, ಈಗಲೇ ಹೋಗಿ ತೋರಿಸಿ’ ಅನ್ನುತ್ತಿದ್ದೆ. ‘ಅಲ್ಲಲ್ಲಿ’ ಅಂದ ತಕ್ಷಣ ಅರ್ಥವಾಗುತ್ತಿತ್ತು.

*

ಹಾವೇರಿ ಅಕ್ಕ:

ನೀವೆಲ್ಲ ಇಷ್ಟು ಬರೆದಿದ್ದೀರಿ, ನಮ್ಮ ಹಿರಿಯರು ಇದಕ್ಕೆ ಒಂದು ಮಾತು ಇಟ್ಟಿದ್ದಾರೆ, ಯಾರೂ ಹೇಳಲಿಲ್ಲವಲ್ಲ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ.’ ಚಿತ್ತೆ ಮಳೆ ಅಕ್ಟೋಬರ್ 10ರ ಸುಮಾರಿಗೆ ಹಿಡಿದು ಎರಡು ವಾರ ಇರುತ್ತೆ. ಅದಕ್ಕೆ ಕಣ್ಣಿಲ್ಲ, ಯಾವ ಕಡೆ ಎರಚುತ್ತೋ ಆ ಕಡೆ ಬೆಳೆ. ತಮ್ಮಾ, ನಿಮ್ಮ ಕಣ ನೆನೆದದ್ದು ಅದೇ ಮಳೆಗೆ. ‘ಚಿತ್ತೆ ನಡೀತಿದೆ’ ಅಂತ ನಮ್ಮತ್ತೆ ಅಂದರೆ ಸಾಕು, ಮೋಡ ಇರಲಿ ಬಿಡಲಿ, ಕಣದ ಪಕ್ಕದಲ್ಲಿ ತಾಡಪಾಲು ಮಡಚಿ ಇಟ್ಟು ಅದರ ಮೇಲೆ ಕಲ್ಲು ಹೇರಿರುತ್ತಿದ್ದರು.

ನೆನೆದ ಕಾಳನ್ನು ಒಳ್ಳೆಯದರ ಜೊತೆ ಸೇರಿಸಬೇಡಿ. ಬೂಷ್ಟು ಬಂದದ್ದನ್ನು ದನಕ್ಕೂ ಹಾಕಬೇಡಿ.

*

ಕಣದ ಮನೆ:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಚಿತ್ತೆಯ ಮಾತು ಬಂದಾಗ ‘ಅದನ್ನ ನಮ್ಮವ್ವನೂ ಹೇಳ್ತಿದ್ಲು’ ಅಂದರು. ಆಮೇಲೆ ಎದ್ದು ಹೋಗಿ ತಾಡಪಾಲನ್ನು ಅಟ್ಟದಿಂದ ತಂದು ಕಣದ ಹತ್ತಿರ ಇಟ್ಟರು. ತಂಗಿಯ ಕಾಲೇಜಿಗೆ ನಾಳೆ ಹೋಗುತ್ತೇನೆ, ಯಾವ ಯಾವ ದಿನ ತಪ್ಪಿದೆ ಅಂತ ಕೇಳಬೇಕು.

ಗುಂಪಿಗೆ ಹೀಗೆ ಬರೆಯಬಹುದಾ ನೋಡಿ: ‘ನಾಳೆ ಮಧ್ಯಾಹ್ನದ ಮೇಲೆ ನಮ್ಮ ಹೋಬಳಿಯಲ್ಲಿ ಅಲ್ಲಲ್ಲಿ ಮಳೆ. ಯಾವ ಊರಿಗೆ ಬೀಳುತ್ತೆ ಅಂತ ಹೇಳಲು ಬರುವುದಿಲ್ಲ. ಬಿದ್ದ ಕಡೆ ಜೋರಾಗಿ ಬೀಳುತ್ತೆ. ಕಣದಲ್ಲಿ ಕಾಳು ಇದ್ದವರು ತಾಡಪಾಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.’

*

ಮಳೆಮಾಪಕ:

ಚೆನ್ನಾಗಿದೆ. ಮೂರನೇ ವಾಕ್ಯ ಮಾತ್ರ ತಿದ್ದಿ. ಪ್ಯಾಚಿ ಅನ್ನುವ ಪದ ಕಮ್ಮಿ ಅಂತ ಹೇಳದ ಹಾಗೆಯೇ ಜೋರು ಅಂತಲೂ ಹೇಳುವುದಿಲ್ಲ. ಗುಡುಗಿನ ಮುನ್ಸೂಚನೆ ಇದ್ದ ದಿನ ‘ಬಿದ್ದ ಕಡೆ ಜೋರಾಗಿರಬಹುದು’ ಅಂತ ಹಾಕಿ, ಇಲ್ಲದ ದಿನ ಆ ಸಾಲು ಬಿಡಿ. ಉಳಿದದ್ದನ್ನು ಇದ್ದ ಹಾಗೇ ಕಳಿಸಿ.